ಬಾಯಿ ತಪ್ಪಿ ಬೈ-ಟು ಅಂದವಳ ಥ್ಯಾಂಕ್ಸ್

ನಾಳೆಗೆ ಸರಿಯಾಗಿ ಒಂದು ವರ್ಷ. ನಾಲ್ಕು ವರ್ಷ ಜೊತೆಗಿದ್ದವರು ಬೇರೆಯಾದೆವು. ಯಾಕೆ ಅಂತ ಬರೆಯುವುದಿಲ್ಲ. ನಾನೊಬ್ಬಳೇ ಹೇಳಿದರೆ ತಪ್ಪೆಲ್ಲ ಅವನದೇ ಆಗಿಬಿಡುತ್ತದೆ ಅಲ್ವಾ. ಈ ವರ್ಷವೆಲ್ಲ ನನ್ನನ್ನು ಸಹಿಸಿಕೊಂಡವರಿಗೆ ಥ್ಯಾಂಕ್ಸ್ ಹೇಳುವುದು ಮಾತ್ರ ಬಾಕಿ ಇದೆ.

ಮೊದಲು ಸರಸ್ವತಿಪುರಂನ ನಮ್ಮ ಮಾಮೂಲಿ ಹೋಟೆಲಿನ ಕೌಂಟರಲ್ಲಿ ಕೂರುವ ಅಣ್ಣನಿಗೆ. ಆ ವಾರವೇ ಇರಬೇಕು, ಅಭ್ಯಾಸಬಲ, ಬಾಯಿ ತಪ್ಪಿ "ಒಂದು ಬೈ-ಟು" ಅಂದುಬಿಟ್ಟೆ. ಎರಡು ಲೋಟ ಬಂದವು. ಒಂದು ಕುಡಿದೆ, ಇನ್ನೊಂದು ಕೆನೆ ಕಟ್ಟುವವರೆಗೂ ಅದನ್ನೇ ನೋಡುತ್ತಾ ನಿಂತಿದ್ದೆ. ಅಣ್ಣ ಏನೂ ಕೇಳಲಿಲ್ಲ. ಮಾರನೇ ದಿನದಿಂದ ನಾನು ಬಾಯಿ ತೆರೆಯುವ ಮೊದಲೇ "ಒಂದು ಕಾಫಿ ಅಲ್ವಾ ಮೇಡಂ" ಅಂತ ಟೋಕನ್ ಹರಿದು ಕೊಡತೊಡಗಿದರು.

ಆಮೇಲೆ ನನ್ನ ರೂಮ್‌ಮೇಟ್‌ಗೆ. ಚಪಾತಿ ಲಟ್ಟಿಸುತ್ತಾ ಅದೇ ಕಥೆಯನ್ನು ಎಷ್ಟು ಸಲ ಕೇಳಿದಳೋ. "ಲೇ, ಈ ಸೀನ್ ಸೋಮವಾರಾನೇ ಆಗೋಯ್ತು ಕಣೇ" ಅಂತ ಒಂದೇ ಒಂದು ಸಲ ಅಂದಳು, ಅವತ್ತು ತಿಂಗಳ ನಂತರ ನಕ್ಕಿದ್ದೆ. ಭಾನುವಾರ ಬೆಳಗಿನ ಜಾವ ಎಬ್ಬಿಸಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿಸಿದವಳೂ ಅವಳೇ. ಮುಂದೆ ಯಾರೋ ಅಜ್ಜಿ ಮೆಟ್ಟಿಲು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದರು, ನಾವು ಅವರ ಹಿಂದೆಯೇ ನಿಧಾನಕ್ಕೆ, ನಾನು ಅಳುತ್ತಾ. ನಂದಿ ಹತ್ತಿರ ಬರುವಷ್ಟರಲ್ಲಿ ಏದುಸಿರು ಜಾಸ್ತಿಯಾಗಿ ಅಳು ತಾನಾಗೇ ನಿಂತಿತು. ಏಕಕಾಲಕ್ಕೆ ಎರಡೂ ಆಗಲ್ಲ, ನಿಜ ಹೇಳುತ್ತಿದ್ದೇನೆ!

ರಾತ್ರಿ ಎರಡು ಗಂಟೆಗೆ 14416ರಲ್ಲಿ ಕನ್ನಡದಲ್ಲಿ ಮಾತಾಡಿದ ಆ ಅಕ್ಕನಿಗೂ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಿಂದ ಇದೆ, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಲವ್ ಫೇಲ್ಯೂರ್‌ಗೆಲ್ಲ ಫೋನ್ ಮಾಡ್ತಾರಾ ಅಂತ ನಾಚಿಕೆಯಾಗಿತ್ತು. ಆ ಅಕ್ಕ ಮೊದಲು ಕೇಳಿದ್ದು "ಊಟ ಮಾಡಿದ್ರಾ?" ಅಂತ. ಮಾಡಿರಲಿಲ್ಲ.

ಅಮ್ಮನಿಗೆ ಗೊತ್ತೇ ಇಲ್ಲ ಅಂದುಕೊಂಡಿದ್ದೆ. ಪ್ರತಿ ತಿಂಗಳು ಚಟ್ನಿಪುಡಿ ಎರಡು ಡಬ್ಬಿ ಕಳಿಸುತ್ತಿದ್ದವಳು, ಒಂದು ಅವನಿಗೆ ಅಂತ ಬಾಯಿಬಿಟ್ಟು ಹೇಳದಿದ್ದರೂ, ಯಾರೂ ಏನೂ ಹೇಳದೆ ಒಂದಕ್ಕೆ ಇಳಿಸಿದಳು. ಆ ಡಬ್ಬಿ ನೋಡಿ ಅಡುಗೆಮನೆಯಲ್ಲೇ ಕೂತುಬಿಟ್ಟಿದ್ದೆ.

ಎಲ್ಲ ಸರಿಹೋಯಿತು ಅಂತ ಸುಳ್ಳು ಹೇಳಲ್ಲ. ಅವನಿದ್ದ ಬೀದಿಯಲ್ಲಿ ಈಗಲೂ ಗಾಡಿ ತಾನಾಗೇ ಸ್ಲೋ ಆಗುತ್ತದೆ. ಮಳೆ ಬಂದರೆ "ರೈನ್‌ಕೋಟ್ ಇದೆಯಾ" ಅಂತ ಮೆಸೇಜ್ ಟೈಪ್ ಮಾಡಿ ಅಳಿಸುತ್ತೇನೆ.

ಲೇ ರೂಮ್‌ಮೇಟ್, ಈ ಭಾನುವಾರ ಬೆಳಿಗ್ಗೆ ಆರಕ್ಕೆ ಬೆಟ್ಟದ ಪಾದದ ಹತ್ತಿರ. ಮಂಡಿ ನೋವು ಅಂತ ನೆಪ ಹೇಳಬೇಡ. ಇಳಿದ ಮೇಲೆ ಕಾಫಿ ನನ್ನದು, ಬೈ-ಟು ಹೇಳೋಣ.