ಅಪ್ಪನ ಕಿವಿಯ ವಿಚಾರ

ಅಕ್ಕಾ,

ನಾನು ಚೆನ್ನಾಗಿದ್ದೇನೆ. ನೀವೆಲ್ಲ ಕ್ಷೇಮ ತಾನೆ? ನಿನ್ನ ಪತ್ರ ಓದಿದಾಗಿನಿಂದ ಅಪ್ಪನ ಕಿವಿಯದೇ ಯೋಚನೆ. ಮೂರು ದಿನ ಗ್ರೈಂಡಿಂಗ್ ಮೆಷಿನ್ ಪಕ್ಕ ನಿಂತು ಈಗ ಕಿವಿ ಗುಂಯ್‌ಗುಡುತ್ತಿದೆ, ಮೆಲ್ಲಗೆ ಮಾತಾಡಿದರೆ ಕೇಳುತ್ತಿಲ್ಲ, ಆದರೂ "ಸದ್ದು ನಿಂತಿತಲ್ಲ, ತಾನಾಗೇ ಸರಿಹೋಗುತ್ತೆ" ಅಂತಾರೆ ಎಂದು ಬರೆದಿದ್ದೀಯ. ಅಲ್ಲೇ ಅಪ್ಪ ತಪ್ಪು ತಿಳಿದಿರುವುದು.

ಒಳಗಿವಿಯಲ್ಲಿ ಶಂಖದ ಹಾಗೆ ಸುತ್ತಿಕೊಂಡ ಕಾಕ್ಲಿಯ ಇದೆ. ಅದರಲ್ಲಿ ಸದ್ದನ್ನು ಹಿಡಿದು ನರಕ್ಕೆ ದಾಟಿಸುವ ಸುಮಾರು 15,000 ರೋಮಕೋಶಗಳು. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಜೋರು ಸದ್ದಿಗೆ ಅವು ಪೆಟ್ಟು ತಿಂದಾಗ, ಗಾಯವಾದ ಕಡೆ ಬಾವು ಬರುವಂತೆ ಅಲ್ಲೂ ಉರಿಯೂತ ಶುರುವಾಗುತ್ತದೆ. ರಕ್ತದಿಂದ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ಬಂದು ಸತ್ತದ್ದನ್ನು ಗುಡಿಸುತ್ತವೆ, ನರದ ಕೊಂಡಿಗಳ ದುರಸ್ತಿಗೂ ನೆರವಾಗುತ್ತವೆ. ಅದು ಬೇಕಾದದ್ದೇ. ಆದರೆ ಉರಿಯೂತದ ಟಿಎನ್‌ಎಫ್-ಆಲ್ಫಾದಂಥ ರಾಸಾಯನಿಕಗಳು ಮಿತಿಮೀರಿದರೆ ಅಲ್ಲಿನ ಸಣ್ಣ ರಕ್ತನಾಳಗಳು ಬಿಗಿದುಕೊಂಡು, ಬದುಕಬಹುದಾಗಿದ್ದ ಕೋಶಗಳೂ ಸಾಯತೊಡಗುತ್ತವೆ. ಸದ್ದು ನಿಂತ ಮೇಲೂ ಇದು ದಿನಗಟ್ಟಲೆ ನಡೆಯುತ್ತದೆ. ಹೊರಗೆ ಕೆಂಪಿಲ್ಲ, ಕೀವಿಲ್ಲ, ನೋವಿಲ್ಲ. ನನಗೆ ಭಯ ಅದಕ್ಕೇ.

ನಾಳೆಯೇ ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ಭಾವ ಜೊತೆಗೆ ಬರಲಿ. ಆಡಿಯೋಗ್ರಾಂ ಮಾಡಿಸು, ಅಂದರೆ ಯಾವ ಸ್ವರ ಎಷ್ಟು ಕೇಳುತ್ತದೆ ಎಂದು ಗೆರೆಯಲ್ಲಿ ತೋರಿಸುವ ಪರೀಕ್ಷೆ. ಸದ್ದಿನ ಪೆಟ್ಟಾದರೆ ಸಾಮಾನ್ಯವಾಗಿ 4,000 ಹರ್ಟ್ಸ್ ಸುತ್ತಮುತ್ತ, ಅಂದರೆ ಕೀರಲು ಸ್ವರಗಳ ಕಡೆ, ಆ ಗೆರೆ ಕೆಳಗಿಳಿದಿರುತ್ತದೆ. ಸ್ಟೀರಾಯ್ಡ್ ಬೇಕು ಅಂದರೆ ಗಾಬರಿಯಾಗಬೇಡ, ಉರಿಯೂತ ತಗ್ಗಿಸಲು ಕೊಡುವುದುಂಟು. ಆದರೆ ಅದರಿಂದ ಶುಗರ್ ಏರುತ್ತದೆ, ಅಪ್ಪನಿಗೆ ಶುಗರ್ ಇರುವುದನ್ನು ಮೊದಲೇ ಹೇಳು. ಕಿವಿಗೆ ಏನನ್ನೂ ಬಿಡಬೇಡಿ, ಅದು ಒಳಗಿವಿಯವರೆಗೆ ಹೋಗುವುದೇ ಇಲ್ಲ. ಮೆಷಿನ್ ಹತ್ತಿರ ಸದ್ಯಕ್ಕೆ ಸುಳಿಯಲೇಬಾರದು.

ಇಲ್ಲಿ ಯುರೋಪಿನಲ್ಲಿ ಕಾನೂನೇ ಇದೆ. ದಿನದ ಸದ್ದು 80 ಡೆಸಿಬಲ್ ದಾಟಿದರೆ ಕೆಲಸಗಾರರಿಗೆ ಕಿವಿ ಪ್ಲಗ್ ಒದಗಿಸಬೇಕು, 85 ಮುಟ್ಟಿದರೆ ಹಾಕಿಕೊಳ್ಳಲೇಬೇಕು. ನನ್ನ ಕಿವಿಯ ಅಚ್ಚು ತೆಗೆದು ನನಗೆಂದೇ ಒಂದು ಜೊತೆ ಮಾಡಿಸಿಕೊಟ್ಟಿದ್ದಾರೆ! ನಮ್ಮ ಹಿರಿಯ ಮೇಸ್ತ್ರಿಯೂ ಪ್ಲಗ್ ಇಲ್ಲದೆ ಬಾಗಿಲು ದಾಟುವುದಿಲ್ಲ, ಒಳಗೆ ಎಲ್ಲ ಕೈಸನ್ನೆಯಲ್ಲೇ ಮಾತು. ಅಪ್ಪ ಇದನ್ನು ಪುಕ್ಕಲುತನ ಅನ್ನಬಹುದು. ಖಂಡಿತ ಅಲ್ಲ ಎಂದು ಹೇಳು.

ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಬೇಡ. ಹೆದರುವಂಥದ್ದು ಏನೂ ಇಲ್ಲ, ನಿಜವಾಗಿಯೂ ಇಲ್ಲ. ಎಷ್ಟೋ ಜನಕ್ಕೆ ಕೆಲವೇ ದಿನಗಳಲ್ಲಿ ಮೊದಲಿನಂತೆ ಕೇಳಿಸುತ್ತದೆ, ಅಪ್ಪನಿಗೂ ಕೇಳಿಸುತ್ತದೆ. ಹಣ ಕಳಿಸಿದ್ದೇನೆ, ಆ ಚಿಂತೆ ಬೇಡ. ಶಿಫ್ಟಿಗೆ ಹೊತ್ತಾಯಿತು. ಡಾಕ್ಟರು ಏನಂದರು ಅಂತ ನಾಳೆ ರಾತ್ರಿಯೊಳಗೆ ತಿಳಿಸು.

ನಿನ್ನ ತಮ್ಮ