ಆ ನಾಯಿ ಇರಲೇ ಇಲ್ಲ

ಪ್ರೀತಿಯ ಕ್ಯಾಪ್ಟನ್,

ಬಲಗಣ್ಣಿನ ಪೊರೆ ಆಪರೇಷನ್ ಆಗಿ ಇವತ್ತಿಗೆ 19 ದಿನ. ನೀನು ಫೋನ್ ಮಾಡಿದಾಗೆಲ್ಲ "ಚೆನ್ನಾಗಾಯ್ತು ಮಾರಾಯ" ಅಂತ ಒಂದೇ ಮಾತಲ್ಲಿ ಮುಗಿಸಿದ್ದೆ. ಇವತ್ತು ಅಕ್ಷರ ದೊಡ್ಡದು ಮಾಡಿಕೊಂಡು ನಿಧಾನ ಬರೆಯುತ್ತಾ ಕೂತಿದ್ದೇನೆ. ನಮ್ಮ ಬಳಗದಲ್ಲಿ ಅರ್ಧ ಜನ ಇದೇ ವಯಸ್ಸಿನವರು, ಅಲ್ವಾ? ಅವರಿಗೂ ಉಪಯೋಗ ಆಗಲಿ ಅಂತ ಎಲ್ಲರೂ ಓದುವ ಕಡೆಯೇ ಹಾಕುತ್ತಿದ್ದೇನೆ.

ಪೊರೆ ಅಂದರೆ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಕಣ್ಣಿನ ಮೇಲೆ ಏನೋ ಬೆಳೆಯುತ್ತೆ ಅಂತ ಇಷ್ಟು ವರ್ಷ ತಿಳಿದಿದ್ದೆ. ಹಾಗಲ್ಲವಂತೆ. ಕಣ್ಣಿನೊಳಗೆ ಹುಟ್ಟಿನಿಂದ ಇರುವ ಲೆನ್ಸೇ ವಯಸ್ಸಾದ ಹಾಗೆ ಮಂಜಾಗುತ್ತೆ, ಹಳದಿಗೆ ತಿರುಗುತ್ತೆ. ಅದರ ಸುತ್ತ ತೆಳ್ಳಗಿನ ಚೀಲ ಇದೆ. ಚೀಲವನ್ನು ಹಾಗೇ ಉಳಿಸಿಕೊಂಡು, ಒಳಗಿನದನ್ನು ಪುಡಿ ಮಾಡಿ ಎಳೆದು ತೆಗೆದು, ಅಲ್ಲಿಗೇ ಹೊಸ ಲೆನ್ಸ್ ಕೂರಿಸುತ್ತಾರೆ. "ಇನ್ನೂ ಬಲಿಯಲಿ ಬಿಡು" ಅಂತ ನಮ್ಮ ಊರಲ್ಲಿ ಈಗಲೂ ಹೇಳುತ್ತಾರೆ. ನಾನೂ ಅದನ್ನೇ ಹಿಡಿದುಕೊಂಡಿದ್ದೆ. ಡಾಕ್ಟರು ನೋಡಿ, ಬಲಿತಷ್ಟೂ ಗಟ್ಟಿಯಾಗುತ್ತೆ, ಗಟ್ಟಿಯಾದಷ್ಟೂ ತೆಗೆಯುವುದು ಕಷ್ಟ, ಯಾಕೆ ಕಾದಿರಿ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಜ್ಜಿ ನೆನಪಿದ್ದಾಳಾ ನಿನಗೆ? ಶಿಬಿರದಲ್ಲಿ ಆಪರೇಷನ್ ಮಾಡಿಸಿಕೊಂಡು, ಹಸಿರು ಬಟ್ಟೆ ಕಟ್ಟಿಕೊಂಡು ಬಂದಿದ್ದಳಲ್ಲ. ಆಗ ಮಂಜಾದ ಲೆನ್ಸ್ ತೆಗೆದುಬಿಡುತ್ತಿದ್ದರು, ಒಳಗೆ ಬೇರೆ ಇಡುತ್ತಿರಲಿಲ್ಲ. ಅದಕ್ಕೇ ಅವಳಿಗೆ ಸೋಡಾ ಬಾಟಲಿ ತಳದಂಥ ಕನ್ನಡಕ. ಆ ಕಾಲದಲ್ಲಿ ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಮಾಡುತ್ತಿದ್ದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ್ದರು. ಎಷ್ಟು ಮನೆಯ ಅಜ್ಜ ಅಜ್ಜಿಯರು ಮತ್ತೆ ದಾರಿ ನೋಡಿಕೊಂಡು ನಡೆದರೋ! ಒಳಗೆ ಲೆನ್ಸ್ ಇಡುವ ಕೆಲಸ 1949ರಲ್ಲೇ ಲಂಡನ್ನಿನಲ್ಲಿ ಶುರುವಾಗಿತ್ತಂತೆ. ಯುದ್ಧದಲ್ಲಿ ವಿಮಾನದ ಮುಚ್ಚಳ ಒಡೆದು ಪೈಲಟ್‌ಗಳ ಕಣ್ಣಿಗೆ ಪ್ಲಾಸ್ಟಿಕ್ ಚೂರು ಹೊಕ್ಕಿತ್ತು. ಚೂರು ಒಳಗೇ ಇದ್ದರೂ ಕಣ್ಣು ಕೆರಳಿರಲಿಲ್ಲ. ಹೆರಾಲ್ಡ್ ರಿಡ್ಲಿ ಅನ್ನುವ ಡಾಕ್ಟರು ಅದನ್ನು ಗಮನಿಸಿ, ಅಂಥದ್ದೇ ಪ್ಲಾಸ್ಟಿಕ್ಕಿನಲ್ಲಿ ಲೆನ್ಸ್ ಮಾಡಿಸಿದರು. ಮಗಳು ಇದನ್ನು ಓದಿ ಹೇಳಿದಾಗ ಯಾಕೋ ಅಜ್ಜಿಗೆ ಹೇಳಬೇಕು ಅನ್ನಿಸಿತು.

ತಯಾರಿಯ ಮಾತು ಬೇಗ ಮುಗಿಸುತ್ತೇನೆ. ಸಕ್ಕರೆ, ಬಿಪಿ ನೋಡುತ್ತಾರೆ. ಕಣ್ಣಿನ ಉದ್ದ ಅಳೆದು ಲೆನ್ಸಿನ ಪವರ್ ಲೆಕ್ಕ ಹಾಕುತ್ತಾರೆ. ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಮೂತ್ರದ ತೊಂದರೆಗೆ ನಾನು ಟ್ಯಾಮ್ಸುಲೋಸಿನ್ ಮಾತ್ರೆ ತಗೊಳ್ಳುವುದು ನಿನಗೆ ಗೊತ್ತು. ಕಣ್ಣಿನ ಡಾಕ್ಟರ ಹತ್ತಿರ ಅದನ್ನೇನು ಹೇಳುವುದು ಅಂತ ನಾಚಿಕೆಯಲ್ಲಿ ಬಿಟ್ಟಿದ್ದೆ. ಅವರೇ ಕೇಳಿದರು. ಆ ಮಾತ್ರೆ ತಗೊಂಡವರಿಗೆ ಕಣ್ಣಿನೊಳಗಿನ ಬಣ್ಣದ ಪರದೆ ಸಡಿಲವಾಗಿ ಅಲುಗಾಡಬಹುದಂತೆ. ಮೊದಲೇ ಗೊತ್ತಿದ್ದರೆ ಅವರು ಸಿದ್ಧವಾಗಿರುತ್ತಾರೆ. ದಯವಿಟ್ಟು ಯಾರೂ ಮುಚ್ಚಿಡಬೇಡಿ.

ಆಪರೇಷನ್ ಆಗಿದ್ದು ಶಿವಮೊಗ್ಗದಲ್ಲಿ. ಹುಬ್ಬಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ, ಮೇಲಿಂದ ಮೇಲೆ ಹನಿ ಬಿಟ್ಟರು. ಮುಖಕ್ಕೆ ಒಂದೇ ತೂತಿರುವ ಬಟ್ಟೆ. ನೋವಿರಲಿಲ್ಲ. ತಣ್ಣಗೆ ನೀರು ಹರಿಯುತ್ತಿತ್ತು, ಬೆಳಕು ಗುಲಾಬಿ, ನೀಲಿ ಆಗಿ ಕಲಕುತ್ತಿತ್ತು. ಕಾಲು ಗಂಟೆ ಅಷ್ಟೇ. ಹೊಲಿಗೆಯೂ ಇಲ್ಲ.

ಮಾರನೆ ದಿನ ಪಟ್ಟಿ ಬಿಚ್ಚಿದರು. ಮನೆಗೆ ಬಂದು ತಂತಿ ಮೇಲೆ ಒಣಗಿದ್ದ ನನ್ನ ಪಂಚೆ ನೋಡಿದೆ. ಬಲಗಣ್ಣಿಗೆ ಅದು ಅಪ್ಪಟ ಬಿಳಿ, ಚೂರು ನೀಲಿ ಹಾಕಿ ಹಿಂಡಿದ ಹಾಗೆ. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದರೆ ಅದೇ ಪಂಚೆ ಚಹಾದಲ್ಲಿ ಅದ್ದಿ ತೆಗೆದಂತೆ. ಎಷ್ಟು ಸಲ ಹಾಗೆ ಮಾಡಿದೆನೋ. ಹೊರಗಿನ ಗೋಡೆಗೆ ಬಣ್ಣ ಹೊಡೆಸುವಾಗ ಇವಳು ನೀಲಿ ಅಂದಿದ್ದಳು, ನಾನು ಬೂದಿ ಬಣ್ಣ ಅಂತ ಜಗಳವಾಡಿದ್ದೆ. ನೀಲಿಯೇ ಅದು. ಹೋಗಿ ಹೇಳಿದೆ. ಅವಳು ಒಗ್ಗರಣೆ ಸೌಟು ಹಿಡಿದುಕೊಂಡೇ ಹೊರಗೆ ಬಂದು ನನ್ನ ಮುಖ ನೋಡಿದಳು. ಅವಳ ಮುಖ ನಾನೂ ನೋಡಿದೆ. ಕಣ್ಣಿನ ಪಕ್ಕದ ಗೆರೆಗಳೆಲ್ಲ ಯಾವಾಗ ಬಂದವು?

ಇಲ್ಲಿಗೆ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆದರೆ ಹೋದ ವಾರದ್ದು ಹೇಳದೆ ಇರಲು ಆಗುತ್ತಿಲ್ಲ.

ತಪಾಸಣೆಗೆ ಹೋಗಿ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆ. ಆನಂದಪುರ ದಾಟುವಾಗ ಮುಸ್ಸಂಜೆ. ಡ್ರೈವರ್ ಪಕ್ಕದ ಸೀಟು ಸಿಕ್ಕಿತ್ತು, ಎಡಗಣ್ಣಿಗೆ ಕೈ ಅಡ್ಡ ಹಿಡಿದು ಸುಮ್ನೆ ರಸ್ತೆ ನೋಡುತ್ತಿದ್ದೆ. ರಸ್ತೆಯ ಅಂಚಲ್ಲಿ ಜನ! ಬ್ಯಾಗು ಹೊತ್ತ ಎರಡು ಮಕ್ಕಳು. ಹಾಲಿನ ಕ್ಯಾನಿನ ಸೈಕಲ್ಲು. ದನ ಹೊಡೆದುಕೊಂಡು ಬರುವ ಹೆಂಗಸು. ಎದುರಿಂದ ಲಾರಿ ಬೆಳಕು ಬಂದರೂ ಅವರು ಮಾಯವಾಗಲಿಲ್ಲ, ಅಲ್ಲೇ ಇದ್ದರು. ಆ ಹೊತ್ತಲ್ಲಿ ರಸ್ತೆ ಪಕ್ಕ ಇಷ್ಟು ಜನ ನಡೆಯುತ್ತಾರೆ ಅನ್ನುವುದೇ ನನಗೆ ಮರೆತುಹೋಗಿತ್ತು. ಮೈಯೆಲ್ಲ ತಣ್ಣಗಾಯಿತು.

ಸಿದ್ದಾಪುರದ ಮದುವೆ ಮುಗಿಸಿ ನನ್ನ ಸ್ಕೂಟರಲ್ಲಿ ಬಂದ ಸಂಜೆ ನೆನಪಿದೆಯಲ್ಲ. ತಾಳಗುಪ್ಪ ದಾಟಿದ ಮೇಲೆ ನಾನು ಗಕ್ಕನೆ ಬ್ರೇಕ್ ಹಾಕಿದ್ದು, ನಿನ್ನ ಕೈಯಿಂದ ತಾಂಬೂಲದ ತೆಂಗಿನಕಾಯಿ ಉರುಳಿ ಚರಂಡಿಗೆ ಹೋಗಿದ್ದು. "ನಾಯಿ ಅಡ್ಡ ಬಂತು" ಅಂದೆ. ಮೂರು ವರ್ಷದಿಂದ ನೀನು ಸಿಕ್ಕಾಗೆಲ್ಲ "ನಾಯಿ ಹೇಗಿದೆ?" ಅಂತ ಕೇಳುತ್ತೀಯ.

ನಾಯಿ ಇರಲಿಲ್ಲ. ಹುಲ್ಲಿನ ಹೊರೆ ಹೊತ್ತ ಒಬ್ಬ ಮನುಷ್ಯ ಇದ್ದ. ಎದುರಿನ ಬಸ್ಸಿನ ಬೆಳಕಿಗೆ ನನ್ನ ಕಣ್ಣ ಮುಂದೆ ಬರೀ ಬಿಳಿ ಹರಡಿತ್ತು, ಅವನು ಕಾಣಲೇ ಇಲ್ಲ. ಹೊರೆ ಸ್ಕೂಟರಿನ ಕನ್ನಡಿಗೆ ಉಜ್ಜಿದ ಸದ್ದಿಗೆ ಬ್ರೇಕ್ ಹಾಕಿದ್ದು. ನೀನು ಕಾಯಿ ಹುಡುಕುವಾಗ ಅವನು ನಮ್ಮ ಹಿಂದೆ ಕತ್ತಲಲ್ಲಿ ನಿಂತಿದ್ದ. ಒಂದು ಮಾತೂ ಆಡಲಿಲ್ಲ. ಹೊರೆ ಸರಿ ಮಾಡಿಕೊಂಡು ಹೋಗಿಬಿಟ್ಟ. ಮಾರನೆ ದಿನ ಸ್ಕೂಟರ್ ಒರೆಸುವಾಗ ಕನ್ನಡಿಯ ಸಂದಿಯಲ್ಲಿ ಎರಡು ಹುಲ್ಲಿನ ಎಸಳು ಸಿಕ್ಕಿದ್ದವು. ತೆಗೆದು ಎಸೆದೆ, ಯಾರಿಗೂ ಹೇಳಲಿಲ್ಲ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಅದಾದ ಮೇಲೂ ಎರಡು ವರ್ಷ ಸ್ಕೂಟರ್ ಓಡಿಸಿದೆ ಕಣೋ. ಮೊಮ್ಮಗಳನ್ನು ಮುಂದೆ ನಿಲ್ಲಿಸಿಕೊಂಡು, ಸಂಜೆ ಆರೂವರೆಗೆ, ಸಂಗೀತದ ಪಾಠದಿಂದ ಕರೆದುಕೊಂಡು ಬರುತ್ತಿದ್ದೆ. ಕಣ್ಣು ಕಾಣುವುದಿಲ್ಲ ಅಂದರೆ ಕೀ ಕಿತ್ತುಕೊಳ್ಳುತ್ತಾರೆ, ಆಮೇಲೆ ಪೇಟೆಗೆ ಹೋಗಲೂ ಯಾರನ್ನೋ ಕೇಳಬೇಕು. ಆ ಭಯ. ಎದುರಿನವರು ಹೈಬೀಮ್ ಹಾಕುತ್ತಾರೆ ಅಂತ ಬೈದುಕೊಂಡು ಬರುತ್ತಿದ್ದೆ. ಈಗ ರಾತ್ರಿ ಎಚ್ಚರವಾದಾಗ ಆ ಹುಲ್ಲಿನ ಎಸಳು ನೆನಪಾಗುತ್ತೆ. ಅವನ ಮುಖ ನೆನಪಾಗುವುದಿಲ್ಲ, ನೋಡಿದ್ದರೆ ತಾನೇ.

ನಿನ್ನೆ ಮಗನಿಗೆ ಎಲ್ಲ ಹೇಳಿ ಕೀ ಕೊಟ್ಟೆ. ಅವನು ಬೈಯಲಿಲ್ಲ. ಇನ್ನು ನೀನು ಬೈಯುವುದು ಬಾಕಿ, ಅದನ್ನು ಎದುರಿಗೇ ಕೇಳುತ್ತೇನೆ.

ಸಾಕು ಮಾರಾಯ, ಭಾರ ಆಯಿತು. ನನ್ನ ಸದ್ಯದ ದಿನಚರಿ ಕೇಳು. ಶುರುವಿಗೆ ದಿನಕ್ಕೆ ಆರು ಸಲ ಇದ್ದ ಹನಿ ಈಗ ನಾಲ್ಕಕ್ಕೆ ಇಳಿದಿದೆ. ತಲೆಸ್ನಾನ ಇನ್ನೂ ಇಲ್ಲ, ಕೊಡ ಎತ್ತುವ ಹಾಗಿಲ್ಲ. ಬಚ್ಚಲ ಒಲೆಗೆ ಬೆಂಕಿ ಹಾಕುವ ಕೆಲಸ ಇವಳು ಕಿತ್ತುಕೊಂಡಿದ್ದಾಳೆ, ಹೊಗೆ ತಾಗುತ್ತೆ ಅಂತ. ಮೊಮ್ಮಗಳಿಗೆ ಹನಿ ಹಾಕುವುದೆಂದರೆ ಹಬ್ಬ. ಸ್ಟೂಲ್ ಮೇಲೆ ಹತ್ತಿ, "ಅಜ್ಜಾ, ಮೇಲೆ ನೋಡು" ಅಂತ ಗದರಿಸಿ, ಒಂದು ಹನಿ ಹಾಕಿ ಐದು ನಿಮಿಷ ಗಡಿಯಾರ ನೋಡಿ ಇನ್ನೊಂದು ಹಾಕುತ್ತಾಳೆ.

ಎಡಗಣ್ಣಿಗೆ ಮುಂದಿನ ತಿಂಗಳು. ಆಗ ನೀನು ಬಂದು ಎರಡು ದಿನ ಇರು. ನಿನ್ನ ಪಾಲಿನ ಹೋಳಿಗೆ ಇವಳು ಎತ್ತಿಟ್ಟಿದ್ದಾಳಂತೆ. ಸ್ಕೂಟರ್ ನೀನೇ ಓಡಿಸು, ನಾನು ಹಿಂದೆ ಕೂರುತ್ತೇನೆ. ಸಂಜೆ ಹೊತ್ತು ತಾಳಗುಪ್ಪದ ಕಡೆ ಒಂದು ಸಲ ಹೋಗಿ ಬರೋಣ.

ಸ್ಟೂಲ್ ಎಳೆಯುವ ಸದ್ದು ಕೇಳುತ್ತಿದೆ. ಹನಿ ಬಂತು.

ನಿನ್ನ,
ಹಳೇ ಬೆಂಚಿನವನು