ನನ್ನ ಬಾಟಲಿಗೆ ಇಲ್ಲದ ವಿನಾಯಿತಿ ನಿಮ್ಮ ಅಂಕಣಕ್ಕೆ ಯಾಕೆ?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಮನೆಮದ್ದಿನ ಅಂಕಣ ಓದಿ ಈ ಪತ್ರ ಬರೆಯುತ್ತಿದ್ದೇನೆ. ಈ ಸಲ ಬಿಂಬುಳಿಯ ಸರದಿ. ಫೋಟೊ ಚೆಂದ ಇತ್ತು. ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲು ಹಸಿರು ಕಾಯಿ, ನಮ್ಮ ಬಾವಿಕಟ್ಟೆ ಪಕ್ಕದ ಮರದ ಹಾಗೆಯೇ. ಆದರೆ ಕೊನೆಯ ಸಾಲು ಓದುವಾಗ ಎದೆ ಧಸಕ್ಕೆಂದಿತು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಬಿಂಬುಳಿ ರಸ ಕುಡಿದರೆ ಕೊಲೆಸ್ಟ್ರಾಲ್ ಇಳಿಯುತ್ತದಂತೆ. ಎಷ್ಟು ದಿನ ಕುಡಿಯಬೇಕು, ಯಾರು ಕುಡಿಯಬಾರದು, ಒಂದು ಮಾತೂ ಇಲ್ಲ.

ನನ್ನ ತಮ್ಮ ಕುಡಿದಿದ್ದ.

ಮೊದಲು ನಾನು ಯಾರೆಂದು ಹೇಳುತ್ತೇನೆ. ಪುತ್ತೂರು ತಾಲೂಕಿನ ಒಂದು ಹಳ್ಳಿಯವಳು. ಹದಿನಾಲ್ಕು ವರ್ಷದಿಂದ ಮನೆಯಲ್ಲೇ ಉಪ್ಪಿನಕಾಯಿ, ಪುನರ್ಪುಳಿ (ಕೋಕಂ) ಶರಬತ್ತು ಮಾಡಿ ಮಾರುತ್ತೇನೆ. ಏಪ್ರಿಲ್, ಮೇ ಬಂತೆಂದರೆ ನನ್ನ ಎರಡೂ ಅಂಗೈ ಪುನರ್ಪುಳಿ ಬಣ್ಣ. ಮಳೆ ಹಿಡಿಯುವ ಮೊದಲು ಹಣ್ಣು ಬಿಡಿಸಿ, ಬೀಜ ತೆಗೆದು, ಸಿಪ್ಪೆಯನ್ನು ಸಕ್ಕರೆ ಜೊತೆ ಭರಣಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗಿಡಬೇಕು. ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆ. ಹೀಗಿರುವಾಗ ಸಂತೆಯಲ್ಲಿ ಜನ ಬಾಟಲಿ ಎತ್ತಿ ಹಿಡಿದು ಕೇಳುವುದು ಒಂದೇ ಪ್ರಶ್ನೆ, "ಅಕ್ಕ, ಇದು ಶುಗರ್‌ಗೆ ಒಳ್ಳೆಯದಲ್ವಾ?" ಎರಡು ಕಿಲೋ ಸಕ್ಕರೆ ಉಂಟು ಮಾರಾಯ್ರೇ ಎಂದರೆ ಅವರಿಗೆ ಬೇಜಾರು. ವ್ಯಾಪಾರ ಬೇಡವಾ ನಿಮಗೆ ಎನ್ನುವ ಹಾಗೆ ನೋಡುತ್ತಾರೆ. ಬಿಸಿಲಲ್ಲಿ ಬಂದವರಿಗೆ ಬಾಯಾರಿಕೆಗೆ ಒಳ್ಳೆಯದು, ರುಚಿ ಉಂಟು, ನಾನು ಹೇಳುವುದು ಅಷ್ಟೇ.

ಈಗ ತಮ್ಮನ ಕತೆ. ಎರಡು ವರ್ಷದ ಹಿಂದಿನದು. ಅವನಿಗೆ ಐವತ್ತೆಂಟು. ಅಡಿಕೆ ತೋಟ, ಸ್ವಲ್ಪ ಹೊಟ್ಟೆ, ರಕ್ತ ಪರೀಕ್ಷೆ ಮಾಡಿಸಿದಾಗ ಕೊಲೆಸ್ಟ್ರಾಲ್ ಜಾಸ್ತಿ ಎಂದು ಬಂತು. ಮಾತ್ರೆ ಬರೆದುಕೊಟ್ಟರು. ಮಾತ್ರೆ ಶುರು ಮಾಡಿದರೆ ಸಾಯುವವರೆಗೆ ಬಿಡಲಿಕ್ಕಾಗುವುದಿಲ್ಲ ಎಂದು ಯಾರೋ ಹೆದರಿಸಿದ್ದಾರೆ. ಅದೇ ವಾರ ಮೊಬೈಲಿಗೆ ಬಿಂಬುಳಿಯ ಸಂದೇಶ ಬಂದಿದೆ. ಮರ ಮನೆಯಲ್ಲೇ ಉಂಟು. ದುಡ್ಡು ಕೊಡಬೇಕಾ, ಕಾಸು ಕೊಡಬೇಕಾ? ಇಪ್ಪತ್ತು ಇಪ್ಪತ್ತೈದು ಕಾಯಿ ಮಿಕ್ಸಿಗೆ ಹಾಕಿ, ಸೋಸಿ, ಬೆಳಿಗ್ಗೆ ಆರು ಗಂಟೆಗೆ ಗಟಗಟ ಕುಡಿದ. ಐದು ದಿನ.

ನಾನು ಅದೇ ಕಾಯಿಯಲ್ಲಿ ಸಾರು ಮಾಡುತ್ತೇನೆ. ಆರು ಜನರ ಸಾರಿಗೆ ನಾಲ್ಕು ಕಾಯಿ. ಐದಾದರೆ ಮಕ್ಕಳು ಮುಖ ಹಿಂಡುತ್ತಾರೆ. ಹಿತ್ತಾಳೆ ಚೆಂಬು ತಿಕ್ಕಲಿಕ್ಕೂ ಅದೇ ಬೇಕು, ಒಂದು ಕಾಯಿ ಜಜ್ಜಿ ಉಜ್ಜಿದರೆ ಚೆಂಬು ಹೊಸತರ ಹಾಗೆ ಹೊಳೆಯುತ್ತದೆ. ಬಟ್ಟೆಗೆ ಹತ್ತಿದ ತುಕ್ಕಿನ ಕಲೆಯೂ ಹೋಗುತ್ತದೆ. ಅಂಥ ಹುಳಿಯನ್ನು ಇಪ್ಪತ್ತೈದು ಕಾಯಿ ಒಟ್ಟಿಗೆ ಖಾಲಿ ಹೊಟ್ಟೆಗೆ ಹಾಕಿದ್ದಾನೆ.

ಆರನೇ ದಿನ ವಾಂತಿ. ಬಿಕ್ಕಳಿಕೆ ಹಿಡಿದದ್ದು ನಿಲ್ಲಲೇ ಇಲ್ಲ. ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಯಾಸ್ ಎಂದು ಮಾತ್ರೆ ಕೊಟ್ಟು ಕಳಿಸಿದರು. ಅವರನ್ನು ದೂರುವುದಿಲ್ಲ, ಇವನು ರಸ ಕುಡಿದ ಸಂಗತಿಯನ್ನೇ ಹೇಳಿರಲಿಲ್ಲ. ಹೇಳಬೇಕು ಎಂದು ಅವನಿಗೆ ಅನಿಸಿಯೇ ಇಲ್ಲ. ಅದು ಮದ್ದಲ್ಲ, ಹಿತ್ತಲಿನ ಕಾಯಿ, ಅಲ್ವಾ? ಮರುದಿನ ಸೊಂಟ ನೋವು, ಮೂತ್ರ ಕಡಿಮೆ. ಫೋನು ಮಾಡಿ "ಅಕ್ಕಾ, ನನಗೆ ಎಂತದೋ ಆಗ್ತಾ ಉಂಟು ಮಾರಾಯ್ತಿ" ಎಂದ. ಆ ದನಿ ಈಗಲೂ ಕಿವಿಯಲ್ಲಿದೆ. ಮಂಗಳೂರಿಗೆ ಕರೆದುಕೊಂಡು ಹೋದೆವು. ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತದ ಲೆಕ್ಕ, ಕ್ರಿಯಾಟಿನಿನ್, 8.2. ಸಾಮಾನ್ಯಕ್ಕೆ ಒಂದರ ಆಸುಪಾಸು ಇರಬೇಕಾದದ್ದು. ಕಿಡ್ನಿ ಹೆಚ್ಚುಕಡಿಮೆ ಕೆಲಸ ನಿಲ್ಲಿಸಿತ್ತು. ಬಿಪಿ ಇಲ್ಲ, ಶುಗರ್ ಇಲ್ಲ, ಹೀಗೆ ಏಕಾಏಕಿ ಯಾಕೆ ಎಂದು ಡಾಕ್ಟರು ತಲೆ ಕೆರೆದುಕೊಳ್ಳುತ್ತಿದ್ದರು. ಕೊನೆಗೆ ಕೇಳಿದ್ದು ಕೇರಳ ಕಡೆಯ ಒಬ್ಬ ಸಿಸ್ಟರ್. ಡ್ರಿಪ್ ಸರಿ ಮಾಡುತ್ತಾ, "ಇವರು ಇರುಂಬನ್ ಪುಳಿ ಏನಾದರೂ ಕುಡಿದಿದ್ರಾ?" ಅಂದರು. ನಮಗೆ ಆ ಹೆಸರು ಗೊತ್ತಾಗಲಿಲ್ಲ. ಬೆರಳು ತೋರಿಸಿ, ಇಷ್ಟುದ್ದ, ಹಸಿರು, ಮರದ ಕಾಂಡದಲ್ಲೇ ಬಿಡುತ್ತದೆ ಎಂದರು. ತಮ್ಮ ಮಲಗಿದಲ್ಲಿಂದಲೇ ನನ್ನ ಮುಖ ನೋಡಿದ.

ನಾಲ್ಕು ಸಲ ಡಯಾಲಿಸಿಸ್ ಆಯಿತು. ಒಂದೂವರೆ ತಿಂಗಳಲ್ಲಿ ಕಿಡ್ನಿ ಮೊದಲಿನ ಹಾಗೆ ಕೆಲಸ ಮಾಡತೊಡಗಿತು. ದೇವರು ದೊಡ್ಡವನು. ಖರ್ಚಿನ ಲೆಕ್ಕ ಇಲ್ಲಿ ಬೇಡ.

ಇದು ನಮ್ಮ ಮನೆಯೊಂದರ ಕತೆ ಅಲ್ಲ ಎಂದು ಆಮೇಲೆ ಗೊತ್ತಾಯಿತು. 2013ರಲ್ಲೇ ಕಿಡ್ನಿ ವೈದ್ಯರ ಪತ್ರಿಕೆಯಲ್ಲಿ ವರದಿ ಬಂದಿದೆ. ಕೇರಳದ 5 ಆಸ್ಪತ್ರೆಗಳಿಗೆ ಹೀಗೆಯೇ ಬಿಂಬುಳಿ ರಸ ಕುಡಿದು ಬಂದ 10 ಮಂದಿ. ಅವರಲ್ಲಿ 7 ಮಂದಿಗೆ ಡಯಾಲಿಸಿಸ್ ಬೇಕಾಯಿತು. ಕಾರಣವನ್ನು ಡಾಕ್ಟರು ನನಗೆ ಅರ್ಥವಾಗುವ ಹಾಗೆ ಹೇಳಿದರು. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಜಾಸ್ತಿ. ಊಟದ ಜೊತೆ ಸ್ವಲ್ಪ ಹೋದರೆ ಹಾಲು ಮಜ್ಜಿಗೆಯ ಕ್ಯಾಲ್ಸಿಯಂ ಅದನ್ನು ಹೊಟ್ಟೆಯಲ್ಲೇ ಹಿಡಿದುಹಾಕುತ್ತದೆ, ಮಲದಲ್ಲಿ ಹೋಗುತ್ತದೆ. ಖಾಲಿ ಹೊಟ್ಟೆಗೆ ಲೋಟಗಟ್ಟಲೆ ಹೋದರೆ ರಕ್ತಕ್ಕೆ ಸೇರಿ, ಕಿಡ್ನಿಯ ಸಣ್ಣ ಸಣ್ಣ ಕೊಳವೆಗಳಲ್ಲಿ ಹರಳು ಕಟ್ಟುತ್ತದೆ. ಕಸ ಸಿಕ್ಕಿಕೊಂಡ ತೋಟದ ಪೈಪಿನ ಹಾಗೆ.

ಬಿಂಬುಳಿಯ ದಾಯಾದಿ ದಾರೆಹುಳಿ. ಅಡ್ಡಕ್ಕೆ ಕೊಯ್ದರೆ ನಕ್ಷತ್ರ ಕಾಣುವ ಹಣ್ಣು, ಈಗ ಪೇಟೆಯ ಅಂಗಡಿಗಳಲ್ಲಿ ಸ್ಟಾರ್ ಫ್ರೂಟ್ ಎಂದು ಪ್ಲಾಸ್ಟಿಕ್ ಸುತ್ತಿ ಇಡುತ್ತಾರೆ. ಆರೋಗ್ಯವಂತರು ಒಂದೆರಡು ಹೋಳು ತಿಂದರೆ ಏನೂ ಆಗುವುದಿಲ್ಲ. ಕಿಡ್ನಿ ಕಾಯಿಲೆ ಇದ್ದವರು ಮುಟ್ಟಲೇಬಾರದು. ಅದರಲ್ಲಿ ನರಕ್ಕೆ ವಿಷವಾಗುವ ಒಂದು ವಸ್ತು ಉಂಟೆಂದು ಬ್ರೆಜಿಲ್‌ನ ವಿಜ್ಞಾನಿಗಳು 2013ರಲ್ಲಿ ಪತ್ತೆ ಮಾಡಿದ್ದಾರೆ. ಕಿಡ್ನಿ ಸರಿ ಇದ್ದವರಲ್ಲಿ ಅದು ಹೊರಗೆ ಹೋಗುತ್ತದೆ, ಇಲ್ಲದವರಲ್ಲಿ ಉಳಿದು ಬಿಕ್ಕಳಿಕೆ, ಗೊಂದಲ, ಅಪಸ್ಮಾರದವರೆಗೂ ಹೋಗಬಹುದು. ಅಮೃತಬಳ್ಳಿಯದ್ದೂ ಹಾಗೆಯೇ. ಕೊರೊನಾ ಕಾಲದಲ್ಲಿ ನಮ್ಮ ಊರಿನ ಬೇಲಿಗಳಲ್ಲಿ ಒಂದು ತುಂಡು ಬಳ್ಳಿ ಉಳಿಯಲಿಲ್ಲ. 2021ರಲ್ಲಿ ಮುಂಬೈಯ ವೈದ್ಯರು ಅದನ್ನು ಸೇವಿಸುತ್ತಿದ್ದ 6 ಮಂದಿಗೆ ಲಿವರ್ ತೊಂದರೆ ಆದದ್ದನ್ನು ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಜಗಳ ದೊಡ್ಡವರಿಗೆ ಬಿಟ್ಟದ್ದು. ಆದರೆ ಸುದ್ದಿ ಬಂದ ಮೇಲೂ ಲೋಟಗಟ್ಟಲೆ ಕಷಾಯ ಕುಡಿಯಿರಿ ಎಂದು ಬರೆಯುವುದು ಯಾವ ಧೈರ್ಯದ ಮೇಲೆ?

ಹಾಗೆಂದು ಹಿತ್ತಲ ಗಿಡ ಮದ್ದಲ್ಲ ಎನ್ನುವ ಪೈಕಿ ನಾನಲ್ಲ. ಮೊನ್ನೆ ಕೂಡ ಒಂದೆಲಗದ ತಂಬುಳಿ ಮಾಡಿದೆ. ಬೇರು ಸಮೇತ ಒಂದು ಹಿಡಿ ಕಿತ್ತು, ಮಣ್ಣು ಹೋಗುವವರೆಗೆ ಮೂರು ನೀರಲ್ಲಿ ತೊಳೆದು, ತೆಂಗಿನತುರಿ, ಜೀರಿಗೆ, ನಾಲ್ಕು ಕಾಳುಮೆಣಸು ಹಾಕಿ ರುಬ್ಬಿ, ಮಜ್ಜಿಗೆಗೆ ಬೆರೆಸಿ ಒಗ್ಗರಣೆ. ಕುದಿಸುವುದಿಲ್ಲ. ಒಂದು ಹಿಡಿ ಸೊಪ್ಪು ಐದಾರು ಜನಕ್ಕೆ. ಮೊದಲ ತುತ್ತು ಅನ್ನಕ್ಕೆ ಒಂದು ಸೌಟು, ಆಮೇಲೆ ಸಾರು. ನನ್ನ ಅಮ್ಮ ಅದನ್ನು ಮದ್ದು ಎಂದು ಬಡಿಸಿದವಳಲ್ಲ. ಬೇಸಗೆಗೆ ತಂಪು ಎಂದಳು, ಮಕ್ಕಳಿಗೆ ಬುದ್ಧಿಗೆ ಒಳ್ಳೆಯದು ಎಂದಳು, ಹೆಚ್ಚು ಬಡಿಸಲಿಲ್ಲ. ಕೆಸುವಿನ ಎಲೆಯಲ್ಲಿ ಪತ್ರೊಡೆ ಮಾಡುವಾಗ ಹುಳಿ ಜೋರಾಗಿ ಹಾಕುತ್ತಿದ್ದಳು, ಇಲ್ಲದಿದ್ದರೆ ಗಂಟಲು ತುರಿಸುತ್ತದೆ ಎಂದು. ಆ ತುರಿಕೆಗೆ ಕಾರಣ ಸೂಜಿಯ ಹಾಗಿರುವ ಆಕ್ಸಲೇಟ್ ಹರಳು ಎಂದು ತಮ್ಮನ ಡಾಕ್ಟರೇ ನನಗೆ ಹೇಳಿದ್ದು. ಅಮ್ಮನಿಗೆ ಹರಳು ಗೊತ್ತಿರಲಿಲ್ಲ. ತುರಿಕೆ ಗೊತ್ತಿತ್ತು, ಎಷ್ಟು ಬೇಯಬೇಕು ಗೊತ್ತಿತ್ತು.

ನಮ್ಮ ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಯ ಕಷಾಯವನ್ನೇ ನೋಡಿ. ಪಾಲೆ (ಹಾಲೆ) ಮರದ ತೊಗಟೆ. ಸೂರ್ಯ ಹುಟ್ಟುವ ಮೊದಲು ಕಲ್ಲಿನಲ್ಲಿ ಜಜ್ಜಿ ತೆಗೆಯಬೇಕು, ಕತ್ತಿ ಮುಟ್ಟಿಸಬಾರದು. ಓಮ, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಅರೆದು ಸೋಸಿ, ಕೆಂಡದಲ್ಲಿ ಕಾಯಿಸಿದ ಬಿಳಿ ಕಲ್ಲನ್ನು ಚುಂಯ್ ಎಂದು ಮುಳುಗಿಸುತ್ತಾರೆ. ಅದೇ ಒಗ್ಗರಣೆ. ಕಹಿ ಎಂದರೆ ಕಹಿ, ಮುಖ ಮೂರು ದಿಕ್ಕಿಗೆ ತಿರುಗುತ್ತದೆ. ಅದರ ಮೇಲೆ ಮೆಂತೆ ಗಂಜಿ. ಕುಡಿಯುವುದು ವರ್ಷಕ್ಕೆ ಒಂದು ದಿನ, ಅದೂ ಒಂದು ಸಣ್ಣ ಲೋಟ. ಮರ ತೋರಿಸಲಿಕ್ಕೆ ತಿಳಿದ ಹಿರಿಯರೇ ಬೇಕು, ಯಾಕೆಂದರೆ ಕತ್ತಲಲ್ಲಿ ತಪ್ಪಿ ಕಾಸರಕದ ತೊಗಟೆ ತಂದರೆ ಅದು ಬರೀ ವಿಷ. ನಮ್ಮಲ್ಲಿ ಹಿಂದಿನ ದಿನ ಹಗಲಲ್ಲೇ ಮರಕ್ಕೆ ದಾರ ಕಟ್ಟಿ ಗುರುತು ಮಾಡಿ ಬರುತ್ತಾರೆ. ಇಷ್ಟೆಲ್ಲ ಕಟ್ಟುಪಾಡು ಇರುವ ಕಷಾಯವನ್ನು ಈಗ ಪುಡಿ ಮಾಡಿ ಪೊಟ್ಟಣದಲ್ಲಿ ಹಾಕಿ ದಿನಾ ಒಂದು ಚಮಚ ಎಂದು ಯಾರಾದರೂ ಮಾರಿದರೆ ಹೇಗೆ? ನಿಮ್ಮ ಅಂಕಣ ಬಿಂಬುಳಿಗೆ ಮಾಡಿದ್ದು ಅದನ್ನೇ. ಸಾರಿಗೆ ನಾಲ್ಕು ಕಾಯಿ ಎಂಬ ಲೆಕ್ಕ ಬಿಟ್ಟು, ಕಾಯಿಯನ್ನು ಮಾತ್ರ ಎತ್ತಿಕೊಂಡಿತು.

ಇನ್ನೊಂದು ಸಂಗತಿ. ಕಳೆದ ವರ್ಷ ಬೆಂಗಳೂರಿನ ಅಂಗಡಿಯವರೊಬ್ಬರು ನನ್ನ ಶರಬತ್ತು ತರಿಸಿಕೊಳ್ಳುತ್ತೇನೆ ಎಂದರು. ತಿಂಗಳಿಗೆ ಇನ್ನೂರು ಬಾಟಲಿ. ಒಂದೇ ಷರತ್ತು, ಲೇಬಲ್ಲಿನ ಮೇಲೆ "ಬೊಜ್ಜು ಕರಗಿಸುತ್ತದೆ, ಶುಗರ್ ಇಳಿಸುತ್ತದೆ" ಎಂದು ಹಾಕಬೇಕು. ಪುನರ್ಪುಳಿಯಲ್ಲಿ, ಅದರ ದಾಯಾದಿಯಾದ ನಮ್ಮ ಘಟ್ಟದ ಉಪ್ಪಾಗೆಯಲ್ಲಿ ಇರುವ ಒಂದು ಆಮ್ಲವನ್ನು ತೆಗೆದು ಮಾತ್ರೆ ಮಾಡಿ ಸಪೂರ ಆಗಲಿಕ್ಕೆಂದು ಹೊರದೇಶಗಳಲ್ಲಿ ಮಾರುತ್ತಾರೆ, ಅದೇ ಸುದ್ದಿ ಹಿಡಿದುಕೊಂಡು ಬಂದಿದ್ದರು. ಎರಡು ಕಿಲೋ ಸಕ್ಕರೆಯ ವಿಷಯ ಹೇಳಿದೆ. ಅದನ್ನು ಯಾರು ಕೇಳುತ್ತಾರೆ ಅಕ್ಕ ಎಂದರು. ನನ್ನ ಹತ್ತಿರ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ, ಅಂದರೆ ಎಫ್‌ಎಸ್‌ಎಸ್‌ಎಐ, ನೋಂದಣಿ ಉಂಟು. ತಿನ್ನುವ ವಸ್ತುವಿನ ಲೇಬಲ್ಲಿನ ಮೇಲೆ ರೋಗ ಗುಣವಾಗುತ್ತದೆ ಎಂದು ಬರೆಯುವ ಹಾಗಿಲ್ಲ. ಸಕ್ಕರೆ ಕಾಯಿಲೆಗೆ ಮದ್ದು ಎಂದು ಜಾಹೀರಾತು ಕೊಡುವುದಕ್ಕೆ 1954ರ ಒಂದು ಕಾನೂನಿನ ತಡೆ ಇದೆ. ಇನ್ನೂರು ಬಾಟಲಿ ಹೋಯಿತು. ಬೇಸರ ಆಗಲಿಲ್ಲ ಎಂದರೆ ಸುಳ್ಳು.

ಬಾಟಲಿಯ ಮೇಲೆ ನಾನು ಬರೆಯಲಾಗದ ಮಾತನ್ನು ನಿಮ್ಮ ಅಂಕಣದವರು ಸಾವಿರಾರು ಮನೆಗೆ ಬರೆಯಬಹುದು. ಅದು ಜಾಹೀರಾತಲ್ಲ, ಲೇಖನ. ನನ್ನ ಬಾಟಲಿ ಸಂತೆಯಲ್ಲಿ ನಾಲ್ಕು ಜನ ನೋಡುವುದು. ನಿಮ್ಮ ಪತ್ರಿಕೆಯನ್ನು ನಮ್ಮ ಕಡೆ ಕತ್ತರಿಸಿ ಫ್ರಿಜ್ಜಿಗೆ ಅಂಟಿಸುತ್ತಾರೆ. ಮೊಬೈಲಿನಲ್ಲಿ ಬಂದದ್ದನ್ನು ನಂಬದ ನನ್ನ ಅತ್ತೆ ಕೂಡ "ಪೇಪರಲ್ಲಿ ಬಂದಿದೆ" ಎಂದರೆ ನಂಬುತ್ತಾರೆ.

ಅಂಕಣ ನಿಲ್ಲಿಸಿ ಎನ್ನುವುದಿಲ್ಲ. ಎಷ್ಟೋ ಒಳ್ಳೆಯ ಅಡುಗೆ ಅದರಿಂದ ಕಲಿತಿದ್ದೇನೆ, ದೊಡ್ಡಪತ್ರೆಯ ಚಟ್ನಿಗೆ ಹುರಿದ ಎಳ್ಳು ಹಾಕುವುದು ಅಲ್ಲಿಂದಲೇ. ಎಷ್ಟು, ಎಷ್ಟು ದಿನ, ಯಾರಿಗೆ ಬೇಡ, ಇವಿಷ್ಟನ್ನು ಪ್ರತಿ ಸಲ ಬರೆಸಿ. ಬರೆಯುವವರಿಗೆ ಗೊತ್ತಿಲ್ಲದಿದ್ದರೆ ಅಡುಗೆಯನ್ನಷ್ಟೇ ಬರೆಯಲಿ, ಅದಕ್ಕೇನು ಕಡಿಮೆ ಬೆಲೆಯೇ? ಇದೆಲ್ಲಕ್ಕೆ ಮೊದಲು ಬಿಂಬುಳಿ ರಸದ ಬಗ್ಗೆ ಒಂದು ತಿದ್ದುಪಡಿ ಹಾಕಿ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಲ್ಲ. ಅದೇ ಭಾನುವಾರದ ಪುರವಣಿಯಲ್ಲಿ, ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಫೋಟೊದ ಜೊತೆ. ಈ ವಾರ ಯಾರ ಮನೆಯಲ್ಲಿ ಮಿಕ್ಸಿ ತಿರುಗುತ್ತಾ ಉಂಟೋ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ಆಸ್ಪತ್ರೆಯಿಂದ ಬಂದ ತಮ್ಮ ಮೊದಲು ಮಾಡಲು ಹೊರಟದ್ದು ಮರ ಕಡಿಯುವ ಕೆಲಸ. ನಾನೇ ತಡೆದೆ. ಮರ ಎಂತ ಮಾಡಿದೆ ಪಾಪ? ಈ ವರ್ಷವೂ ಅದರಲ್ಲಿ ಎರಡು ಭರಣಿ ಉಪ್ಪಿನಕಾಯಿ ಆಯಿತು. ತಮ್ಮನಿಗೆ ಮಾತ್ರ ಡಾಕ್ಟರು ಅದನ್ನೂ ಬೇಡ ಎಂದಿದ್ದಾರೆ. ಊಟಕ್ಕೆ ಕೂತಾಗ ಭರಣಿಯನ್ನು ಅವನ ಕಣ್ಣಿಗೆ ಬೀಳದ ಹಾಗೆ ಪಾತ್ರೆಯ ಹಿಂದೆ ಇಡುತ್ತೇನೆ.

ಇತಿ,
ಪುನರ್ಪುಳಿ ಶರಬತ್ತು ಮಾರುವ ನಿಮ್ಮ ಒಬ್ಬ ಓದುಗಾರ್ತಿ
ಪುತ್ತೂರು ತಾಲೂಕು, ದಕ್ಷಿಣ ಕನ್ನಡ